ಜಮಾತಿನ ಠರಾವು, ಆರೋಗ್ಯದ ಪಾಠ ಮತ್ತು ಲೆಕ್ಕಕ್ಕೆ ಬಾರದ ಗಂಡಸು

ಪ್ರಶ್ನೆ: ಡಾಕ್ಟರ್ ಆಪಾ, ಅಸ್ಸಲಾಮು ಅಲೈಕುಮ್. ನಾನು ಗಂಗಾವತಿ ಕಡೆಯವನು. ನಮ್ಮ ಮಸೀದಿ ಕಮಿಟಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ನಮ್ಮ ಮೊಹಲ್ಲಾದ ಶಾದಿಮಹಲಿನಲ್ಲಿ ಆರೋಗ್ಯ ಇಲಾಖೆಯವರು ಹೆಂಗಸರಿಗಾಗಿ ಎಚ್‌ಐವಿ ಮತ್ತು ಗುಪ್ತರೋಗಗಳ ಬಗ್ಗೆ ತಿಳಿವಳಿಕೆ ಸಭೆ ನಡೆಸಿದರು. ಅಲ್ಲಿ ಮರದ ಮಾದರಿ ಇಟ್ಟುಕೊಂಡು ನಿರೋಧ್ ಬಳಸುವ ಬಗೆಯನ್ನು ತೋರಿಸಿದರಂತೆ. ಯಾರೋ ಅದರ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದ್ದರಿಂದ ಹಿರಿಯರು ಸಿಟ್ಟಾಗಿ, ಇದು ಹರಾಮಿಗೆ ದಾರಿ ತೋರಿಸುವ ಪಾಠ ಎಂದು ಮುಂದಿನ ಸಭೆಗಳನ್ನು ನಿಲ್ಲಿಸಿದ್ದಾರೆ. ಅದೇ ಬಿಸಿಯಲ್ಲಿ, ದಂಧೆ ಮಾಡುತ್ತಾರೆಂದು ಜನ ಆಡಿಕೊಳ್ಳುವ ಎರಡು ಮನೆಗಳ ಹೆಂಗಸರನ್ನು ಮೊಹಲ್ಲಾ ಬಿಡಿಸಬೇಕು, ಆ ಮನೆಗಳಲ್ಲಿ ಸಾವಾದರೆ ಜನಾಜಾಕ್ಕೂ (ಅಂತ್ಯಕ್ರಿಯೆಯ ನಮಾಜಿಗೂ) ಹೋಗಬಾರದು ಎಂದು ಠರಾವು ಬರೆಯುವ ಮಾತು ನಡೆದಿದೆ. ದೀನಿನ (ಧರ್ಮದ) ಪ್ರಕಾರ ಇದು ಸರಿಯೇ? ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ನನ್ನ ತಂಗಿಯನ್ನು ಇಂಥ ಪಾಠಕ್ಕೆ ಕಳಿಸಬಹುದೇ?

ಉತ್ತರ: ವ ಅಲೈಕುಮ್ ಅಸ್ಸಲಾಂ, ಭಾಯಿ. ನಾನು ಧರ್ಮಶಾಸ್ತ್ರ ಓದಿದ ಆಲಿಮಾ ಅಲ್ಲ. ಬಳ್ಳಾರಿಯಲ್ಲಿ ಚರ್ಮರೋಗ ಮತ್ತು ಲೈಂಗಿಕ ರೋಗಗಳ ವೈದ್ಯೆ. ಫತ್ವಾ ಕೊಡುವ ಅಧಿಕಾರ ನನಗಿಲ್ಲ, ಅದನ್ನು ನಾನು ಬಯಸುವುದೂ ಇಲ್ಲ. ಆದರೆ ನೀವು ಕೇಳಿದ ವಿಷಯದಲ್ಲಿ ಕುರ್‌ಆನ್ ಮತ್ತು ಹದೀಸಿನ (ಪ್ರವಾದಿಯವರ ನಡೆನುಡಿಗಳ ದಾಖಲೆಯ) ಮಾತುಗಳು ಎಲ್ಲ ಮದರಸಾಗಳಲ್ಲೂ ಓದಿಸುವಷ್ಟು ಪ್ರಸಿದ್ಧವಾಗಿವೆ. ನಾನು ಹೇಳುವುದನ್ನು ನಿಮ್ಮ ಪೇಶ್ ಇಮಾಮರ ಮುಂದಿಟ್ಟು ತಾಳೆ ನೋಡಬಹುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಜಮಾತಿನಲ್ಲಿ ನಡೆದ ಚರ್ಚೆಯಲ್ಲಿ ದುಡ್ಡು ಕೊಟ್ಟು ಹೋಗುವ ಗಂಡಸಿನ ಹೆಸರೇ ಬಂದಿಲ್ಲ. ಹೆಂಗಸನ್ನು ಈ ದಂಧೆಗೆ ನೂಕುವವನ ಮಾತೂ ಬಂದಿಲ್ಲ. ಕಿತಾಬಿನಲ್ಲಿ ನೋಡಿದರೂ, ನನ್ನ ಹೊರರೋಗಿ ಕೋಣೆಯಲ್ಲಿ ನೋಡಿದರೂ, ಮೊದಲು ಮಾತನಾಡಿಸಬೇಕಾದವರು ಇವರಿಬ್ಬರೇ.

ತಕರಾರಿಲ್ಲದ ಮಾತಿನಿಂದ ಶುರು ಮಾಡೋಣ. ಜಿನಾದ (ಮದುವೆಯಾಚೆಯ ಲೈಂಗಿಕ ಸಂಬಂಧದ) ಹತ್ತಿರಕ್ಕೂ ಸುಳಿಯಬೇಡಿ ಎಂದು ಕುರ್‌ಆನಿನ 17ನೇ ಸೂರಾದ (ಅಧ್ಯಾಯದ) 32ನೇ ಆಯತ್ (ವಚನ) ಹೇಳುತ್ತದೆ. ಮೈ ಮಾರಿದ ಹಣ ಸಲ್ಲದೆಂಬ ಹದೀಸು ಬುಖಾರಿ ಮತ್ತು ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ಯಾವ ಮಜ್‌ಹಬ್ (ಧರ್ಮಶಾಸ್ತ್ರದ ಪಂಥ) ಕೂಡ ವೇಶ್ಯಾವೃತ್ತಿಯನ್ನು ಒಪ್ಪಿಲ್ಲ. ಹಾಗಾಗಿ ನಿಮ್ಮ ಹಿರಿಯರ ಕಳವಳಕ್ಕೆ ಬುಡವೇ ಇಲ್ಲವೆಂದು ನಾನು ಹೇಳಲಾರೆ. ಇದೂ ಎಲ್ಲ ಕೆಲಸಗಳಂತೆ ಒಂದು ಕೆಲಸ ಎಂಬ ವಾದವನ್ನು ಓದಿದ್ದೇನೆ, ಅದನ್ನು ಮಂಡಿಸುವವರ ಕಾಳಜಿಯನ್ನು ಗೌರವಿಸುತ್ತೇನೆ. ಆದರೂ ಆ ಮಾತು ನನ್ನ ನಂಬಿಕೆಗೆ ಒಗ್ಗುವುದಿಲ್ಲ. ಇಷ್ಟನ್ನು ಒಪ್ಪಿಕೊಂಡ ಮೇಲೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ: ನಿಷೇಧವೆಂಬುದು ಯಾರ ಮೇಲಿದೆ, ಅದನ್ನು ಜಾರಿ ಮಾಡುವ ಹೆಸರಿನಲ್ಲಿ ಏನು ಮಾಡಬಹುದು, ಏನು ಮಾಡಬಾರದು?

ಸೂರಾ ನೂರ್ ಈ ವಿಷಯದ ಮುಖ್ಯ ಸೂರಾ. ಅದರ 2ನೇ ಆಯತ್ ಜಿನಾದ ಶಿಕ್ಷೆಯನ್ನು ಹೇಳುವಾಗ ಹೆಣ್ಣನ್ನೂ ಗಂಡನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. 4ನೇ ಆಯತ್, ಶೀಲವಂತ ಹೆಂಗಸಿನ ಮೇಲೆ ಅಪವಾದ ಹೊರಿಸಿ ನಾಲ್ಕು ಸಾಕ್ಷಿಗಳನ್ನು ತರಲಾಗದವನಿಗೆ ಎಂಬತ್ತು ಛಡಿಯೇಟಿನ ಶಿಕ್ಷೆ ಹೇಳಿ, ಅವನ ಸಾಕ್ಷ್ಯವನ್ನು ಮುಂದೆಂದೂ ಒಪ್ಪಬೇಡಿ ಎನ್ನುತ್ತದೆ. ಕಣ್ಣನ್ನು ತಗ್ಗಿಸಿ ನಡೆಯಿರಿ ಎಂಬ ಆದೇಶ 30ನೇ ಆಯತಿನಲ್ಲಿ ಗಂಡಸರಿಗೆ ಬರುತ್ತದೆ. ಹೆಂಗಸರಿಗೆ ಬರುವುದು ಅದರ ಮುಂದಿನ ಆಯತಿನಲ್ಲಿ. ನಮ್ಮ ಬಯಾನುಗಳಲ್ಲಿ (ಪ್ರವಚನಗಳಲ್ಲಿ) 31ನೆಯದನ್ನು ಕೇಳಿದಷ್ಟು ಸಲ 30ನೆಯದನ್ನು ನಾನು ಕೇಳಿಲ್ಲ. ಇನ್ನು 33ನೇ ಆಯತ್ ನೇರವಾಗಿ ವೇಶ್ಯಾವೃತ್ತಿಯದೇ. ಮದೀನಾದಲ್ಲಿ ಅಬ್ದುಲ್ಲಾ ಇಬ್ನ್ ಉಬಯ್ ಎಂಬವನು ತನ್ನ ದಾಸಿಯರನ್ನು ದುಡ್ಡಿಗಾಗಿ ಈ ಕೆಲಸಕ್ಕೆ ಕಳಿಸುತ್ತಿದ್ದ ಸಂದರ್ಭದಲ್ಲಿ ಅದು ಇಳಿಯಿತೆಂದು ಸಹೀಹ್ ಮುಸ್ಲಿಂ ಹೇಳುತ್ತದೆ. ಲೌಕಿಕ ಲಾಭಕ್ಕಾಗಿ ಅವರನ್ನು ಬಲವಂತಪಡಿಸಬೇಡಿ ಎಂಬ ಆದೇಶ ಒಡೆಯನಿಗೆ. ಬಲವಂತಕ್ಕೆ ಸಿಕ್ಕವರ ವಿಷಯದಲ್ಲಿ ಅಲ್ಲಾಹನು ಕ್ಷಮಿಸುವವನು, ಕರುಣಾಮಯಿ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಈ ವಿಷಯದಲ್ಲಿ ಗ್ರಂಥ ಗದರಿದ್ದು ಲಾಭ ಪಡೆಯುವವನನ್ನು.

ಇದಕ್ಕೆ 49ನೇ ಸೂರಾದ 12ನೇ ಆಯತನ್ನು ಸೇರಿಸಿಕೊಳ್ಳಿ: ಅತಿಯಾದ ಶಂಕೆಯಿಂದ ದೂರವಿರಿ, ಪರರ ಗುಟ್ಟನ್ನು ಹುಡುಕಬೇಡಿ, ಬೆನ್ನ ಹಿಂದೆ ಆಡಿಕೊಳ್ಳಬೇಡಿ. 'ಜನ ಆಡಿಕೊಳ್ಳುವ ಎರಡು ಮನೆಗಳು' ಎಂದು ನೀವೇ ಬರೆದಿದ್ದೀರಿ. ಆಡಿಕೊಂಡದ್ದರ ಆಧಾರದ ಮೇಲೆ ಠರಾವು ಬರೆದರೆ ಈ ಆಯತನ್ನೂ ನೂರ್ ಸೂರಾದ 4ನೇ ಆಯತನ್ನೂ ಕಮಿಟಿ ಒಟ್ಟಿಗೆ ಮೀರಿದಂತಾಗುತ್ತದೆ. ಮಾಯಿಜ್ ಎಂಬ ಸಹಾಬಿ (ಪ್ರವಾದಿಯವರ ಸಂಗಡಿಗ) ತಾನಾಗಿ ಬಂದು ಜಿನಾದ ತಪ್ಪೊಪ್ಪಿಕೊಂಡಾಗ ಪ್ರವಾದಿಯವರು ಮತ್ತೆ ಮತ್ತೆ ಮುಖ ತಿರುಗಿಸಿದರು. ಅವನನ್ನು ಹಾಗೆ ಹೇಳಲು ಕಳಿಸಿದ ಹಜ್ಜಾಲ್ ಎಂಬವನಿಗೆ, ನಿನ್ನ ಬಟ್ಟೆಯಿಂದ ಅವನನ್ನು ಮುಚ್ಚಿದ್ದರೆ ನಿನಗೇ ಒಳಿತಾಗುತ್ತಿತ್ತು ಎಂದರು. ಮಾನ ಮುಚ್ಚುವುದೂ ದೀನಿನ ಭಾಗವೇ. ಆ ವಿಡಿಯೋ ಮಾಡಿ ಹಂಚಿದವನನ್ನು ನಿಮ್ಮ ಕಮಿಟಿ ಇನ್ನೂ ಕರೆದು ವಿಚಾರಿಸದಿದ್ದರೆ ಅಲ್ಲಿಂದಲೇ ಶುರು ಮಾಡಬಹುದು. ಸಭೆಗೆ ಬಂದಿದ್ದ ಹೆಂಗಸರ ಮುಖಗಳನ್ನು ಅವನು ಊರಿಗೆಲ್ಲ ತೋರಿಸಿದ್ದಾನೆ.

ಈ ಪಿಡುಗನ್ನು ಒಂದು ಕೋಮಿನ ತಲೆಗೆ ಕಟ್ಟುವವರೂ ಇದ್ದಾರೆ, ಆದ್ದರಿಂದ ನಮ್ಮ ಸೀಮೆಯ ಚರಿತ್ರೆಯನ್ನು ಸ್ವಲ್ಪ ನೆನಪಿಸುತ್ತೇನೆ. 1443ರಲ್ಲಿ ಹೆರಾತಿನಿಂದ ಶಾರುಖ್ ದೊರೆಯ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ಟಂಕಸಾಲೆಯ ಹಿಂದೆ ಇದ್ದ ವೇಶ್ಯೆಯರ ಬೀದಿಯನ್ನು ಕಂಡು ಬರೆದಿಟ್ಟಿದ್ದಾನೆ. ಅವರಿಂದ ಬರುವ ತೆರಿಗೆ ಊರ ಕಾವಲಿನ ಪೊಲೀಸರ ಸಂಬಳಕ್ಕೆ ಹೋಗುತ್ತಿತ್ತೆಂದು ಹೇಳಿದ್ದಾನೆ. ನಾಲ್ಕು ಶತಮಾನಗಳ ಬಳಿಕ ಬಳ್ಳಾರಿಯಂಥ ದಂಡಿನ ಊರುಗಳಲ್ಲಿ ಬ್ರಿಟಿಷರು ಸೈನಿಕರನ್ನು ಗುಪ್ತರೋಗದಿಂದ ಕಾಪಾಡಲು ಹೆಂಗಸರ ಹೆಸರು ನೋಂದಾಯಿಸಿ, ಬಲವಂತವಾಗಿ ಪರೀಕ್ಷೆ ಮಾಡಿಸಿ, ರೋಗ ಕಂಡವರನ್ನು ಲಾಕ್ ಆಸ್ಪತ್ರೆಗಳಲ್ಲಿ ಕೂಡಿಹಾಕುವ ಪದ್ಧತಿ ತಂದರು. ಸೈನಿಕನಿಗೆ ಅಂಥ ಬಂಧನವಿರಲಿಲ್ಲ. ರೋಗ ಎರಡು ಮೈಗಳ ನಡುವೆ ಓಡಾಡುವಾಗ ಒಂದನ್ನು ಮಾತ್ರ ಕಟ್ಟಿಹಾಕಿದರೆ ಅದು ನಿಲ್ಲುವುದಿಲ್ಲ. ಆ ಪದ್ಧತಿ ಸೈನ್ಯದಲ್ಲಿ ರೋಗವನ್ನು ನಿಲ್ಲಿಸಲಿಲ್ಲ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲೂ ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ದೇವದಾಸಿ, ಬಸವಿ ಪದ್ಧತಿಯನ್ನು ರಾಜ್ಯದ 1982ರ ಕಾಯ್ದೆ ನಿಷೇಧಿಸಿತು. ಆಮೇಲೂ ಸರ್ಕಾರದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಅವರನ್ನು ಇಟ್ಟುಕೊಂಡವರ, ಅವರ ಬಳಿಗೆ ಹೋದವರ ಸಮೀಕ್ಷೆ ನಡೆಯಲಿಲ್ಲ.

ಇನ್ನು ವೈದ್ಯೆಯಾಗಿ ನಾನು ಕಾಣುವುದು. ಬಳ್ಳಾರಿಯಲ್ಲಿ ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟಿಗೆ ಜೇಬು, ಜಿಪ್ಪು ಹೊಲಿದುಕೊಡುವ ಹೆಂಗಸರು ಸಾವಿರಾರು ಮಂದಿ, ಅವರಲ್ಲಿ ನಮ್ಮವರೂ ತುಂಬ. ಅಂಥವಳೊಬ್ಬಳು ನನ್ನ ಮುಂದೆ ಬಂದು ಕೂರುತ್ತಾಳೆ. ಬೆರಳ ತುದಿಗಳಲ್ಲಿ ನೀಲಿ ಬಣ್ಣ ಹಿಡಿದಿರುತ್ತದೆ, ಜೊತೆಗೆ ಅತ್ತೆ ಬಂದಿರುತ್ತಾಳೆ. 'ಬಿಳಿ ಹೋಗುತ್ತೆ, ಕಿಬ್ಬೊಟ್ಟೆ ನೋವು' ಎಂಬಷ್ಟನ್ನು ಅತ್ತೆಯೇ ಹೇಳುತ್ತಾಳೆ. ಅತ್ತೆಯನ್ನು ಹೊರಗೆ ಕೂರಿಸಿದ ಮೇಲೆ ಆಕೆ ದಖನಿಯಲ್ಲಿ ಪಿಸುಗುಡುವುದು ಗಂಡ ಲಾರಿಯ ಮೇಲೆ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ, ಅವನಿಗೂ ಉರಿಮೂತ್ರ, ಆದರೆ ಅವನು ಮೆಡಿಕಲ್ ಅಂಗಡಿಯಲ್ಲಿ ಮಾತ್ರೆ ತಗೊಂಡು ಸುಮ್ಮನಿದ್ದಾನೆ ಎಂದು. ಆಕೆ ತನ್ನ ನಿಕಾಹಿನ ಆಚೆ ಯಾವ ಗಂಡಸನ್ನೂ ಕಂಡವಳಲ್ಲ. ಹಿರಿಯರು ಹೇಳುವ ಪರಹೇಜನ್ನು (ಸಂಯಮವನ್ನು) ಪೂರ್ತಿ ಪಾಲಿಸಿದವಳು. ಆ ಪರಹೇಜು ಅವಳನ್ನು ಕಾಯಲಿಲ್ಲ, ಏಕೆಂದರೆ ಅದನ್ನು ಮುರಿದವನು ಅವಳ ಗಂಡ. ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಬೆಂಗಳೂರು, ಪುಣೆ ಕಡೆಗೆ ಗುಳೆ ಹೋಗಿ ಬರುವವರ ಮನೆಗಳಲ್ಲೂ ಇದೇ ಕತೆ ಕೇಳುತ್ತೇನೆ. ಶಾದಿಮಹಲಿನ ಪಾಠ ಅಗತ್ಯವಿದ್ದದ್ದು ಇಂಥ ಹೆಂಗಸರಿಗೆ. ಕಮಿಟಿ ಬಾಗಿಲು ಹಾಕಿದ್ದೂ ಇಂಥವರ ಮೇಲೆಯೇ.

ಹೆಂಗಸರಲ್ಲಿ ಗನೋರಿಯಾ, ಕ್ಲಮೈಡಿಯಾದಂಥ ಸೋಂಕುಗಳು ಬಹಳ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಗರ್ಭನಾಳಗಳನ್ನು ಹಾಳು ಮಾಡಿ, ಮಕ್ಕಳಾಗದ 'ದೋಷ'ವನ್ನು ಕೊನೆಗೆ ಅವಳ ತಲೆಗೇ ಕಟ್ಟುತ್ತವೆ. ಗರ್ಭಿಣಿಗೆ ಸಿಫಿಲಿಸ್ ಇದ್ದು ಗೊತ್ತಾಗದೆ ಹೋದರೆ ಕೂಸು ಹೊಟ್ಟೆಯಲ್ಲೇ ಸಾಯಬಹುದು, ಪೆನ್ಸಿಲಿನ್ ಚುಚ್ಚುಮದ್ದಿನಿಂದ ಅದನ್ನು ತಡೆಯಬಹುದು. ತಾಯಿಗೆ ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ತಗಲುವ ಸಂಭವ ಶೇ. 15ರಿಂದ 45, ಚಿಕಿತ್ಸೆ ಸರಿಯಾಗಿ ನಡೆದರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆಗಳನ್ನು ಸರ್ಕಾರ 2004ರಿಂದ ಪುಕ್ಕಟೆ ಕೊಡುತ್ತಿದೆ, 2017ರಿಂದ ಸೋಂಕು ಪತ್ತೆಯಾದ ಪ್ರತಿಯೊಬ್ಬರಿಗೂ ಕೊಡುತ್ತಿದೆ. ಗುಳಿಗೆಯನ್ನು ತಪ್ಪದೆ ನುಂಗಿ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಆ ವ್ಯಕ್ತಿಯಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ. ಇದು ಗೊತ್ತಿಲ್ಲದ ಕಾರಣಕ್ಕೇ ಎಷ್ಟೋ ತಲಾಕುಗಳಾಗಿವೆ.

ನಮ್ಮಲ್ಲಿ ಗಂಡಸರು ಆಗಾಗ ಹೇಳುವ ಒಂದು ಮಾತಿದೆ: ನಮಗೆ ಖತ್ನಾ (ಸುನ್ನತಿ) ಆಗಿದೆ, ಈ ರೋಗ ನಮಗೆ ಅಂಟುವುದಿಲ್ಲ. ಇದು ಅಪಾಯದ ಮಾತು. ಖತ್ನಾದಿಂದ ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ದಾಟುವ ಸಂಭವ ಸುಮಾರು ಶೇ. 60ರಷ್ಟು ಕಡಿಮೆಯಾಗುತ್ತದೆ ಎಂದು ಆಫ್ರಿಕಾದ ಪ್ರಯೋಗಗಳು ತೋರಿಸಿದ್ದು ನಿಜ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿ ಶಿಫಾರಸು ಮಾಡಿತು. ಕಡಿಮೆಯಾಗುವುದೆಂದರೆ ಇಲ್ಲವಾಗುವುದಲ್ಲ. ಸೋಂಕು ತಗಲಿದ ಗಂಡಸಿನಿಂದ ಅವನ ಹೆಂಡತಿಗೆ ದಾಟುವುದನ್ನಂತೂ ಖತ್ನಾ ನೇರವಾಗಿ ತಡೆಯುವುದೇ ಇಲ್ಲ. ಇನ್ನೊಂದು ಕಡೆ ಭಯ ಇಲ್ಲದ ಜಾಗದಲ್ಲಿ ಭಯ ಪಡುತ್ತಾರೆ: ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆದು ವಜೂ ಮಾಡುವ ಹೌಜಿನ (ತೊಟ್ಟಿಯ) ನೀರಿನಿಂದ, ಒಂದೇ ತಾಟಿನಲ್ಲಿ ಉಣ್ಣುವುದರಿಂದ, ಈದಿನ ದಿನ ಅಪ್ಪಿಕೊಳ್ಳುವುದರಿಂದ, ಪಕ್ಕದಲ್ಲಿ ಭುಜ ತಾಗಿಸಿ ನಮಾಜಿಗೆ ನಿಲ್ಲುವುದರಿಂದ ಎಚ್‌ಐವಿ ಬರುವುದಿಲ್ಲ. ಮಯ್ಯತ್ತಿಗೆ (ಶವಕ್ಕೆ) ಗುಸ್ಲ್, ಅಂದರೆ ಸ್ನಾನ, ಕೊಡುವವರು ಕೈಗವಸು ಹಾಕಿಕೊಂಡು, ಗಾಯಗಳಿದ್ದರೆ ಮುಚ್ಚಿಕೊಂಡು, ಕೆಲಸವಾದ ಮೇಲೆ ಸೋಪಿನಿಂದ ಕೈ ತೊಳೆದರೆ ಸಾಕು.

ನಿರೋಧ್ ತೋರಿಸುವುದು ಹರಾಮಿಗೆ ಪರವಾನಗಿ ಕೊಟ್ಟಂತೆ ಎಂಬುದು ನಿಮ್ಮ ಹಿರಿಯರ ಮುಖ್ಯ ಆಕ್ಷೇಪ. ಆ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕಬಾರದು, ಇದೇ ಮಾತನ್ನು ಎಲ್ಲ ಧರ್ಮದವರೂ ಆಡಿದ್ದಾರೆ. 2007ರಲ್ಲಿ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಹಲವು ರಾಜ್ಯಗಳು ನಿಲ್ಲಿಸಿದಾಗ ನಮ್ಮ ಕರ್ನಾಟಕವೂ ಅವುಗಳಲ್ಲಿ ಒಂದಾಗಿತ್ತು. ಆ ವಿರೋಧದ ಮುಂದಾಳುಗಳು ಮುಸ್ಲಿಮರಾಗಿರಲಿಲ್ಲ. ಆದರೆ ನಿರೋಧ್ ಎಂಬ ವಸ್ತುವೇ ಹರಾಮಲ್ಲ. ಪ್ರವಾದಿಯವರ ಕಾಲದಲ್ಲಿ, ಕುರ್‌ಆನ್ ಇಳಿಯುತ್ತಿದ್ದಾಗಲೇ, ತಾವು ಅಜ್ಲ್ ಮಾಡುತ್ತಿದ್ದೆವೆಂದು, ಅಂದರೆ ಗರ್ಭ ನಿಲ್ಲದಂತೆ ಸ್ಖಲನಕ್ಕೆ ಮುಂಚೆ ಸರಿಯುತ್ತಿದ್ದೆವೆಂದು, ಜಾಬಿರ್ ಅವರು ಹೇಳಿದ ಹದೀಸಿದೆ. ಅದರ ಆಧಾರದ ಮೇಲೆ ಬಹಳ ಮಂದಿ ಉಲಮಾಗಳು ಗಂಡಹೆಂಡಿರ ನಡುವೆ ತಾತ್ಕಾಲಿಕ ಗರ್ಭನಿರೋಧವನ್ನು ಒಪ್ಪಿದ್ದಾರೆ. ಸೋಂಕಿತ ಗಂಡನ ಜೊತೆ ಬಾಳುವ ಹೆಂಡತಿ ಈಗ ತನ್ನ ಜೀವ ಉಳಿಸಿಕೊಳ್ಳಲು ಇದೇ ವಸ್ತುವನ್ನು ಬಳಸಬೇಕು. ಹಾನಿ ಮಾಡಬೇಡಿ, ಹಾನಿಗೆ ಹಾನಿಯನ್ನು ಬದಲು ಕೊಡಬೇಡಿ ಎಂಬ ಹದೀಸು ಫಿಕ್ಹಿನ (ಧರ್ಮಶಾಸ್ತ್ರದ) ಮೂಲಸೂತ್ರಗಳಲ್ಲೊಂದು. ಶರೀಅತ್ ಕಾಪಾಡಬೇಕೆಂದು ಇಮಾಮ್ ಗಜಾಲಿಯವರು ಎಣಿಸಿದ ಐದರಲ್ಲಿ ದೀನಿನ ಜೊತೆಗೇ ಜೀವವೂ ಇದೆ, ಸಂತಾನವೂ ಇದೆ. ಅಲ್ಲಾಹನು ಔಷಧಿ ಇಳಿಸದೆ ಯಾವ ರೋಗವನ್ನೂ ಇಳಿಸಿಲ್ಲ ಎಂಬುದು ಬುಖಾರಿಯಲ್ಲಿರುವ ಹದೀಸು. ಮದೀನಾದ ಅನ್ಸಾರಿ ಹೆಂಗಸರಿಗೆ ದೀನನ್ನು ಕಲಿಯಲು ನಾಚಿಕೆ ಅಡ್ಡ ಬರಲಿಲ್ಲವೆಂದು ಪ್ರವಾದಿಯವರ ಪತ್ನಿ ಹಜ್ರತ್ ಆಯಿಷಾ ಹೊಗಳಿದ್ದಾರೆ. ಮುಟ್ಟು, ಗುಸ್ಲ್, ಸ್ಖಲನದ ವಿಷಯಗಳನ್ನೆಲ್ಲ ಅವರು ಪ್ರವಾದಿಯವರನ್ನೇ ಕೇಳಿ ತಿಳಿದುಕೊಂಡರು.

ಹಿರಿಯರ ಮಾತಿನಲ್ಲಿ ನಾನು ಒಪ್ಪುವ ಅಂಶವೂ ಇದೆ. ಮುದುಕಿಯರು, ಮದುವೆಯಾದವರು, ಮಕ್ಕಳು ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂರಿಸಿ ಮರದ ಮಾದರಿ ತೆಗೆದದ್ದು ಒಳ್ಳೆಯ ಪದ್ಧತಿಯಲ್ಲ. ಮದುವೆಯಾದವರಿಗೆ ಬೇರೆ, ಹುಡುಗಿಯರಿಗೆ ಬೇರೆ ಹೊತ್ತು ಇಡಬೇಕು. ಹೇಳುವವರು ದಖನಿ ಬಲ್ಲ ಹೆಣ್ಣುಮಗಳಾದರೆ ಇನ್ನೂ ಒಳ್ಳೆಯದು, ಏಕೆಂದರೆ ಪುಸ್ತಕದ ಕನ್ನಡದಲ್ಲಿ ಹೇಳಿದ ಅರ್ಧ ಮಾತು ನಮ್ಮ ಮನೆಯ ಹೆಂಗಸರಿಗೆ ಮುಟ್ಟುವುದಿಲ್ಲ. ಮೊಬೈಲುಗಳನ್ನು ಬಾಗಿಲಲ್ಲೇ ಇಡಿಸಬೇಕು. ತಾಲೂಕು ಆರೋಗ್ಯಾಧಿಕಾರಿಗೆ ಕಮಿಟಿಯ ಲೆಟರ್‌ಹೆಡ್ಡಿನಲ್ಲಿ ಹೀಗೆ ಬರೆದುಕೊಟ್ಟರೆ ಅವರು ಬೇಡವೆನ್ನುವುದಿಲ್ಲ. ಜೊತೆಗೆ, ಗಂಡಸರ ಸಭೆಯನ್ನು ಮೊದಲು ಇಡಿಸಿ. ಜುಮ್ಮಾ ನಮಾಜಿನ ನಂತರ ಮಸೀದಿಯಲ್ಲಿ ಸೇರುವಷ್ಟು ಗಂಡಸರು ಬೇರೆಲ್ಲೂ ನಿಮಗೆ ಸಿಗುವುದಿಲ್ಲ.

ಹೀಗೆ ಮಾಡಿದ ಮುಸ್ಲಿಂ ಸಮಾಜಗಳಿವೆ. ಉಗಾಂಡಾದ ಇಸ್ಲಾಮಿಕ್ ವೈದ್ಯಕೀಯ ಸಂಘ 1990ರ ದಶಕದ ಮೊದಲಲ್ಲೇ ಇಮಾಮರನ್ನು ತರಬೇತಿಗೊಳಿಸಿ ಮನೆಮನೆಗೆ ಏಡ್ಸ್ ತಿಳಿವಳಿಕೆ ಕಳಿಸಿತು. ನಿರೋಧ್ ಮಾತು ಬಂದಾಗ ಅಲ್ಲಿಯೂ ಇಮಾಮರು ವಿರೋಧಿಸಿದ್ದರು. ಕೂತು ಚರ್ಚಿಸಿದ ಮೇಲೆ, ಸಂಯಮ ಮತ್ತು ನಿಷ್ಠೆಯನ್ನು ಮೊದಲು ಬೋಧಿಸಿ, ಆಮೇಲೆ ಅದನ್ನೂ ಪಾಠಕ್ಕೆ ಸೇರಿಸಿದರು. ವಿಶ್ವಸಂಸ್ಥೆಯ ಏಡ್ಸ್ ವಿಭಾಗ 1998ರಲ್ಲಿ ಆ ಕೆಲಸವನ್ನು ಮಾದರಿಯೆಂದು ಪ್ರಕಟಿಸಿತು. ಶೇ. 90ಕ್ಕೂ ಹೆಚ್ಚು ಮುಸ್ಲಿಮರಿರುವ ಸೆನೆಗಲ್‌ನಲ್ಲಿ 1969ರಿಂದ ವೇಶ್ಯಾವೃತ್ತಿಯ ನೋಂದಣಿಯಿದೆ, ಹೆಂಗಸಿಗೆ 21 ವರ್ಷ ತುಂಬಿರಬೇಕು, ಆರೋಗ್ಯದ ಕಾರ್ಡು ಇಟ್ಟುಕೊಂಡು ನಿಯಮಿತ ತಪಾಸಣೆಗೆ ಬರಬೇಕು. ಬಹಳ ಹೆಂಗಸರು ನಾಚಿಕೆ, ಭಯಗಳಿಂದ ನೋಂದಾಯಿಸಿಕೊಳ್ಳುವುದೇ ಇಲ್ಲವಾದ್ದರಿಂದ ಆ ಪದ್ಧತಿಯನ್ನು ನಾನು ಪೂರ್ತಿ ಮೆಚ್ಚುವುದಿಲ್ಲ. ಆದರೆ ಅಲ್ಲಿನ ಧರ್ಮಗುರುಗಳು 1990ರ ದಶಕದಲ್ಲಿ ವೈದ್ಯರ ಜೊತೆ ಕೂತರು, ಮಸೀದಿಗಳಲ್ಲಿ ಏಡ್ಸ್ ಬಗ್ಗೆ ಮಾತನಾಡಿದರು. ಆಫ್ರಿಕಾದ ಬೇರೆ ಭಾಗಗಳು ತತ್ತರಿಸಿದಾಗಲೂ ಆ ದೇಶದ ವಯಸ್ಕರಲ್ಲಿ ಎಚ್‌ಐವಿ ಶೇ. 1ರ ಆಸುಪಾಸಿನಲ್ಲೇ ಉಳಿಯಿತು. ಇರಾನಿನಲ್ಲಿ 1979ರ ಕ್ರಾಂತಿಯ ಹೊತ್ತಿಗೆ ತೆಹ್ರಾನಿನ ಶಹ್ರ್-ಎ-ನೌ ಎಂಬ ವೇಶ್ಯಾಕೇರಿಗೆ ಬೆಂಕಿ ಹಚ್ಚಿದರು, ಬಳಿಕ ಅದನ್ನು ನೆಲಸಮ ಮಾಡಿದರು. ದಂಧೆ ನಿಲ್ಲಲಿಲ್ಲ, ಕಣ್ಣಿಗೆ ಕಾಣದಂತಾಯಿತು ಅಷ್ಟೆ. ಅದೇ ದೇಶದಲ್ಲಿ 2005ರಲ್ಲಿ ನ್ಯಾಯಾಂಗದ ಮುಖ್ಯಸ್ಥರಾಗಿದ್ದ ಆಯತೊಲ್ಲಾ ಶಾಹ್ರೂದಿ, ಮಾದಕ ವ್ಯಸನಿಗಳಿಗೆ ಶುದ್ಧ ಸೂಜಿ ಮತ್ತು ಮೆಥಡೋನ್ ಎಂಬ ಬದಲಿ ಔಷಧಿ ಕೊಡುವ ಆರೋಗ್ಯ ಕೆಲಸಕ್ಕೆ ಅಡ್ಡಿ ಮಾಡಬೇಡಿ ಎಂದು ನ್ಯಾಯಾಧೀಶರಿಗೆ ನಿರ್ದೇಶನ ಕೊಟ್ಟರು. ವ್ಯಸನವನ್ನು ಅವರು ಹಲಾಲ್ ಮಾಡಲಿಲ್ಲ. ಜೀವ ಉಳಿಸುವ ಕೆಲಸಕ್ಕೆ ದಾರಿ ಬಿಟ್ಟರು.

ಮೊಹಲ್ಲಾ ಬಿಡಿಸುವ ಮಾತಿಗೆ ಬರುತ್ತೇನೆ, ಇದೇ ನನಗೆ ಹೆಚ್ಚು ಆತಂಕ ತಂದ ಭಾಗ. ಹೊರಗೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅಳೆದು ನೋಡಿದ ಉತ್ತರವೇ ಇದೆ. ಇಂಡೋನೇಷ್ಯಾದ ಪೂರ್ವ ಜಾವಾದಲ್ಲಿ 2014ರಲ್ಲಿ ಮಲಾಂಗ್ ಜಿಲ್ಲೆಯ ಆಡಳಿತ ವೇಶ್ಯಾಗೃಹಗಳನ್ನು ಥಟ್ಟನೆ ಮುಚ್ಚಿಸಿತು. ಆಗ ಸುತ್ತಲ ಜಿಲ್ಲೆಗಳಲ್ಲೂ ಸೇರಿ ಆ ಹೆಂಗಸರ ಆರೋಗ್ಯದ ಅಧ್ಯಯನ ಮೊದಲೇ ನಡೆಯುತ್ತಿದ್ದುದರಿಂದ ಮುಚ್ಚಿಸಿದ ಕಡೆಗೂ ಮುಚ್ಚಿಸದ ಕಡೆಗೂ ಇರುವ ವ್ಯತ್ಯಾಸವನ್ನು ಅಳೆಯಲು ಸಾಧ್ಯವಾಯಿತು. ಮುಚ್ಚಿಸಿದ ಜಾಗಗಳ ಹೆಂಗಸರಲ್ಲಿ ಲೈಂಗಿಕ ಸೋಂಕು, ಪ್ರಯೋಗಾಲಯದ ಪರೀಕ್ಷೆಯಲ್ಲೇ, ಶೇ. 58ರಷ್ಟು ಏರಿತ್ತು. ನಿರೋಧ್ ಸಿಗುವುದು ಕಷ್ಟವಾಗಿತ್ತು, ಅದರ ಬಳಕೆಯೂ ಇಳಿದಿತ್ತು. ಬಾಂಗ್ಲಾದೇಶದಲ್ಲಿ 1999ರಲ್ಲಿ ನಾರಾಯಣಗಂಜಿನ ಟಾನ್‌ಬಜಾರಿನಿಂದ ಹೆಂಗಸರನ್ನು ಎಬ್ಬಿಸಿದಾಗ ವಿಷಯ ಅಲ್ಲಿನ ಹೈಕೋರ್ಟಿಗೆ ಹೋಗಿ, ಹಾಗೆ ಎಬ್ಬಿಸಿದ್ದು ಕಾನೂನುಬಾಹಿರವೆಂದು 2000ದಲ್ಲಿ ತೀರ್ಪಾಯಿತು.

ನಮ್ಮ ಕಾನೂನನ್ನೂ ಹೇಳುತ್ತೇನೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಪ್ರಕಾರ ವೇಶ್ಯಾಗೃಹ ನಡೆಸುವುದು, ಇನ್ನೊಬ್ಬಳ ಗಳಿಕೆಯಲ್ಲಿ ಬದುಕುವುದು, ಒಬ್ಬಳನ್ನು ಇದಕ್ಕಾಗಿ ಒಯ್ಯುವುದು, ಬೀದಿಯಲ್ಲಿ ಗಿರಾಕಿ ಕರೆಯುವುದು ಅಪರಾಧಗಳು. ವಯಸ್ಕ ಹೆಂಗಸೊಬ್ಬಳು ಈ ವೃತ್ತಿಯಲ್ಲಿರುವುದೇ ಅಪರಾಧವೆಂದು ಅದು ಹೇಳುವುದಿಲ್ಲ. 2022ರ ಮೇ 19ರಂದು ಸುಪ್ರೀಂ ಕೋರ್ಟು ಇವರನ್ನು ಪೊಲೀಸರು ಗೌರವದಿಂದ ನಡೆಸಿಕೊಳ್ಳಬೇಕು, ವಿಳಾಸದ ದಾಖಲೆಗಾಗಿ ಹಟ ಹಿಡಿಯದೆ ಆಧಾರ್ ಕೊಡಬೇಕು ಎಂದು ನಿರ್ದೇಶಿಸಿದೆ. ಯಾರಿಗಾದರೂ ಎಚ್‌ಐವಿ ಇದೆಯೆಂಬ ಕಾರಣಕ್ಕೆ ಮನೆ ಬಿಡಿಸುವುದನ್ನು, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನು, ಅವರ ಸ್ಥಿತಿಯನ್ನು ಬಯಲು ಮಾಡುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ತಡೆಯುತ್ತದೆ. ಆ ಎರಡು ಮನೆಗಳಲ್ಲಿ ಹದಿನೆಂಟು ತುಂಬದ ಹುಡುಗಿಯನ್ನು ದುಡಿಸುತ್ತಿದ್ದಾರೆಂದೋ, ಯಾರನ್ನೋ ಹಿಡಿದಿಟ್ಟಿದ್ದಾರೆಂದೋ ನಿಮಗೆ ನಿಜವಾಗಿ ತಿಳಿದಿದ್ದರೆ ಠರಾವು ಬರೆಯುತ್ತ ಕೂರದೆ ಮಕ್ಕಳ ಸಹಾಯವಾಣಿ 1098ಕ್ಕೋ ತುರ್ತು ಸಂಖ್ಯೆ 112ಕ್ಕೋ ಇಂದೇ ಫೋನು ಮಾಡಿ. ಅದು ಕಾನೂನೂ ಹೌದು, 33ನೇ ಆಯತಿನ ಪಾಲನೆಯೂ ಹೌದು.

ಬಲವಂತವಿಲ್ಲದಿದ್ದರೆ, ಹೆಚ್ಚಿನ ಕಡೆ ಇರುವುದು ಸಾಲ. ಗಂಡ ಬಿಟ್ಟುಹೋದವಳು, ಸಂಘದ ಸಾಲ, ಫೈನಾನ್ಸ್ ಸಾಲವೆಂದು ವಾರದ ಕಂತಿಗೆ ಸಿಕ್ಕಿಬಿದ್ದವಳು, ಕಂತಿನ ದಿನ ಬಾಗಿಲಿಗೆ ಬಂದು ಕೂರುವವನನ್ನು ಎದುರಿಸಲಾಗದವಳು ಹೀಗೆ ಜಾರುವುದನ್ನು ನನ್ನ ರೋಗಿಗಳ ಬಾಯಿಂದಲೇ ಕೇಳಿದ್ದೇನೆ. ಜಕಾತಿಗೆ (ಕಡ್ಡಾಯ ದಾನಕ್ಕೆ) ಅರ್ಹರಾದ ಎಂಟು ವರ್ಗಗಳನ್ನು 9ನೇ ಸೂರಾದ 60ನೇ ಆಯತ್ ಹೇಳುತ್ತದೆ. ಅದರಲ್ಲಿ ಬಡವರ ಜೊತೆಗೆ ಸಾಲದಲ್ಲಿ ಮುಳುಗಿದವರೂ, ದಾಸ್ಯದಿಂದ ಬಿಡಿಸಬೇಕಾದವರೂ ಇದ್ದಾರೆ. ಲೆಕ್ಕಪತ್ರ ನಿಮ್ಮ ಕೈಯಲ್ಲಿದೆ. ಬೈತುಲ್‌ಮಾಲಿನಿಂದ (ಜಮಾತಿನ ದಾನನಿಧಿಯಿಂದ) ಆ ಎರಡು ಮನೆಗಳಿಗೆ ಈವರೆಗೆ ರಂಜಾನಿನ ಪಡಿಯಾದರೂ ಹೋಗಿದೆಯೇ ಎಂದು ವಹಿ ತೆಗೆದು ನೋಡಿ. ಸಾಲ ತೀರಿಸಿ, ಹೊಲಿಗೆ ಮಷೀನು ಕೊಡಿಸಿ, ಮಕ್ಕಳ ಶಾಲೆಯ ಖರ್ಚು ನೋಡಿಕೊಂಡ ಮೇಲೆ ಬಿಟ್ಟುಬಿಡಮ್ಮಾ ಎಂದು ಹೇಳುವ ಹಕ್ಕು ಜಮಾತಿಗೆ ಬರುತ್ತದೆ. ಆ ಮಾತನ್ನು ಹೇಳಲು ಹಿರಿಯ ಹೆಂಗಸರಿಬ್ಬರು ಹೋಗಲಿ, ಗಂಡಸರ ಗುಂಪು ಬೇಡ.

ಜನಾಜಾದ ಮಾತಂತೂ ಠರಾವಿನಲ್ಲಿ ಬರಲೇಬಾರದು. ಜಿನಾಕ್ಕೆ ಶಿಕ್ಷೆಯಾಗಿ ಪ್ರಾಣ ಕಳೆದುಕೊಂಡ ಹೆಂಗಸಿಗೆ ಪ್ರವಾದಿಯವರು ತಾವೇ ಜನಾಜಾ ನಮಾಜು ಮಾಡಿದರು. ಹಜ್ರತ್ ಉಮರ್ ಆಶ್ಚರ್ಯದಿಂದ ಕೇಳಿದಾಗ, ಅವಳ ತೌಬಾವನ್ನು (ಪಶ್ಚಾತ್ತಾಪವನ್ನು) ಮದೀನಾದ ಎಪ್ಪತ್ತು ಜನರಿಗೆ ಹಂಚಿದರೂ ಸಾಲುತ್ತದೆ ಎಂದರು. ಇದು ಸಹೀಹ್ ಮುಸ್ಲಿಮಿನಲ್ಲಿದೆ. ಬಾಯಾರಿ ನೆಲ ನೆಕ್ಕುತ್ತಿದ್ದ ನಾಯಿಗೆ ಬಾವಿಯಿಂದ ತನ್ನ ಪಾದರಕ್ಷೆಯಲ್ಲಿ ನೀರು ಮೊಗೆದು ಕುಡಿಸಿದ ವೇಶ್ಯೆಯನ್ನು ಅಲ್ಲಾಹನು ಕ್ಷಮಿಸಿದನೆಂಬ ಹದೀಸನ್ನು ನಿಮ್ಮ ಮದರಸಾದ ಮಕ್ಕಳೂ ಬಲ್ಲರು. ಬಾಂಗ್ಲಾದೇಶದ ದೌಲತ್‌ದಿಯಾದ ವೇಶ್ಯಾಗೃಹದಲ್ಲಿ ಸತ್ತವರನ್ನು ಹಿಂದೆಲ್ಲ ನಮಾಜಿಲ್ಲದೆ ಹೂಳುತ್ತಿದ್ದರು, ಇಲ್ಲವೇ ನದಿಗೆ ಹಾಕುತ್ತಿದ್ದರು. 2020ರ ಫೆಬ್ರುವರಿಯಲ್ಲಿ ಅಲ್ಲಿನ ಪೊಲೀಸರು ಮುಂದೆ ನಿಂತು ಒಬ್ಬ ಹೆಂಗಸಿಗೆ ವಿಧಿಪೂರ್ವಕ ಜನಾಜಾ ಮಾಡಿಸಿದರು. ಒಂದು ಸಮಾಜ ಅಷ್ಟು ತಡವಾಗಿ ಬಿಡಿಸಿಕೊಂಡ ಗಂಟನ್ನು ನಾವು ಈಗ ಹೊಸದಾಗಿ ಹಾಕಿಕೊಳ್ಳುವುದು ಬೇಡ. ಪಾಪ ಮಾಡಿದ ಮುಸ್ಲಿಮನಿಗೂ ಜನಾಜಾ ಉಂಟು, ಅದು ಸಮುದಾಯದ ಮೇಲಿನ ಫರ್ಜ್ (ಕಡ್ಡಾಯ ಕರ್ತವ್ಯ) ಎಂಬುದನ್ನು ನಿಮ್ಮ ಪೇಶ್ ಇಮಾಮರೇ ಜುಮ್ಮಾದಲ್ಲಿ ಹೇಳಿದರೆ ಗೊಂದಲ ಅಲ್ಲಿಗೇ ನಿಲ್ಲುತ್ತದೆ.

ನಿಮ್ಮ ತಂಗಿಯ ವಿಷಯ. ಕಳಿಸಿ. ಆ ವಯಸ್ಸಿನ ಹುಡುಗಿಗೆ ನಿರೋಧ್ ಮಾದರಿ ಬೇಕಿಲ್ಲ, ಅದನ್ನು ಯಾರೂ ತೋರಿಸುವುದೂ ಇಲ್ಲ. ಮುಟ್ಟು ಯಾಕೆ ಬರುತ್ತದೆ, ರಕ್ತಹೀನತೆ ಎಂದರೇನು, ಮೈಮೇಲೆ ಕೈ ಹಾಕಿದವನು ನೆಂಟನೇ ಆಗಿದ್ದರೂ ಯಾರಿಗೆ ಹೇಳಬೇಕು, ಹದಿನೆಂಟಕ್ಕೆ ಮುಂಚಿನ ಮದುವೆಯಿಂದ ಮೈಗೆ ಏನಾಗುತ್ತದೆ, ಇಷ್ಟನ್ನು ಅವಳು ತಿಳಿದಿರಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್ ಇದೆ. ತಾಯಿಯೋ ಅತ್ತಿಗೆಯೋ ಜೊತೆಗೆ ಹೋಗಲಿ, ಒಳಗೆ ಮಾತನಾಡುವಾಗ ಹುಡುಗಿಯನ್ನು ಒಂಟಿಯಾಗಿ ಬಿಡಲಿ. ದೊಡ್ಡವರಿಗೆ ಗುಪ್ತರೋಗಗಳ ಚಿಕಿತ್ಸೆ ಸುರಕ್ಷಾ ಕ್ಲಿನಿಕ್ಕಿನಲ್ಲಿ, ಎಚ್‌ಐವಿ ಪರೀಕ್ಷೆ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎರಡೂ ಪುಕ್ಕಟೆ. ಐಸಿಟಿಸಿಯಲ್ಲಿ ಮೊದಲು ಆಪ್ತ ಸಮಾಲೋಚಕರು ಬಾಗಿಲು ಮುಚ್ಚಿ ಮಾತನಾಡಿಸುತ್ತಾರೆ, ನಿಮ್ಮ ಒಪ್ಪಿಗೆ ಪಡೆದ ಮೇಲೆಯೇ ರಕ್ತ ತೆಗೆದುಕೊಳ್ಳುತ್ತಾರೆ, ಸೋಂಕು ಕಂಡರೆ ಬೇರೆ ಬೇರೆ ಕಿಟ್ಟಿನಲ್ಲಿ ಮತ್ತೆ ನೋಡಿ ಖಾತ್ರಿ ಮಾಡುತ್ತಾರೆ. ಸೋಂಕು ತಗಲಿದ ಹೊಸತರಲ್ಲಿ ಪರೀಕ್ಷೆ ಅದನ್ನು ಹಿಡಿಯದೆ ಹೋಗಬಹುದಾದ್ದರಿಂದ ಮೂರು ತಿಂಗಳ ನಂತರ ಇನ್ನೊಮ್ಮೆ ಬರಲು ಹೇಳಿದರೆ ತಪ್ಪದೆ ಹೋಗಬೇಕು. ಹೋಗಲು ಮುಜುಗರವಿರುವವರು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ ಹೆಸರು ಹೇಳದೆ ಕೇಳಬಹುದು. ಈ ನಂಬರನ್ನು ಮಸೀದಿಯ ನೋಟೀಸ್ ಬೋರ್ಡಿನಲ್ಲಿ, ಗಂಡಸರು ವಜೂ ಮಾಡುವ ಕಡೆಗೆ ಕಾಣುವಂತೆ ಬರೆಸಿ.